ಗಜಕರ್ಣಕ್ಕೆ ಸುಗಂಧ ಎಣ್ಣೆ: ಲ್ಯಾಬಿನಲ್ಲಿ ಸಾಯುವ ಫಂಗಸ್ ಮೈಮೇಲೆ ಯಾಕೆ ಉಳಿಯುತ್ತದೆ?

ಎರಡು ಸುದ್ದಿಗಳು ಈಗ ಜೊತೆಜೊತೆಯಲ್ಲೇ ಓಡಾಡುತ್ತಿವೆ. ಭಾರತದ ಹೆಸರು ಅಂಟಿಸಿಕೊಂಡ ಚರ್ಮದ ಫಂಗಸ್ ಒಂದು ಯುರೋಪು, ಅಮೆರಿಕದವರೆಗೂ ಹೋಗಿದೆ, ಮೊದಲು ವಾಸಿ ಮಾಡುತ್ತಿದ್ದ ಗುಳಿಗೆಗೆ ಅದು ಬಗ್ಗುತ್ತಿಲ್ಲ ಎನ್ನುವುದು ಒಂದು. ಟೀ ಟ್ರೀ ಎಣ್ಣೆ, ಮಜ್ಜಿಗೆ ಹುಲ್ಲಿನ ಎಣ್ಣೆ, ಲವಂಗದ ಎಣ್ಣೆ ಲ್ಯಾಬಿನಲ್ಲಿ ಇಂಥ ಫಂಗಸ್ಸನ್ನು ಕೊಂದಿವೆ ಎನ್ನುವುದು ಇನ್ನೊಂದು. ಎರಡನ್ನೂ ಓದಿದವರಿಗೆ ಅನಿಸುವುದು ಸಹಜ: ಗುಳಿಗೆ ಸೋತಿದೆ, ಎಣ್ಣೆ ಗೆದ್ದಿದೆ, ಹಾಗಾದರೆ ಎಣ್ಣೆಯನ್ನೇ ಹಚ್ಚಿದರಾಯಿತು.

ಎರಡು ಸುದ್ದಿಯೂ ಸುಳ್ಳಲ್ಲ. ತಪ್ಪಿರುವುದು ಎರಡನ್ನೂ ಕೂಡಿಸಿ ಮಾಡಿದ ತೀರ್ಮಾನದಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಇರುವವರಿಗೆ ಇದು ದೂರದ ಮಾತಲ್ಲ. ಕಬ್ಬಿನ ಹೊಲ, ಮಗ್ಗದ ಶೆಡ್ಡು, ಗರಡಿ ಮನೆ, ಹಾಸ್ಟೆಲ್ಲು, ಎಲ್ಲಿ ಬೆವರು ಮತ್ತು ಒದ್ದೆ ಬಟ್ಟೆ ಇದೆಯೋ ಅಲ್ಲಿ ಗಜಕರ್ಣಕ್ಕೂ, ಅಂದರೆ ಹುಳಕಡ್ಡಿಗೂ ಜಾಗ ಇದೆ. ಆದ್ದರಿಂದ ಎಣ್ಣೆ ಎಲ್ಲಿಯವರೆಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ ಅಂತ ನಿಧಾನವಾಗಿ ನೋಡಬೇಕು.

ಸುದ್ದಿಯಲ್ಲಿರುವ ಫಂಗಸ್ ಯಾವುದು?

ಹುಳಕಡ್ಡಿ ಬರಿಸುವುದು ಡರ್ಮಟೋಫೈಟ್ ಎಂಬ ಗುಂಪಿನ ಫಂಗಸ್. ಇದು ತಿನ್ನುವುದು ಕೆರಾಟಿನ್ ಎಂಬ ಪ್ರೋಟೀನನ್ನು. ನಮ್ಮ ಚರ್ಮದ ಮೇಲ್ಪದರ, ಕೂದಲು, ಉಗುರು ಮೂರರಲ್ಲೂ ಇರುವುದು ಅದೇ. ಹಾಗಾಗಿ ಈ ಫಂಗಸ್ ಸಾಮಾನ್ಯವಾಗಿ ರಕ್ತಕ್ಕೆ ಇಳಿಯುವುದಿಲ್ಲ, ಜೀವಕ್ಕೆ ಕುತ್ತು ತರುವುದಿಲ್ಲ. ಮೇಲ್ಪದರದಲ್ಲೇ ಸುತ್ತು ಸುತ್ತಾಗಿ ಹರಡುತ್ತಾ ಹೋಗುತ್ತದೆ. ತುರಿಕೆ ಮಾತ್ರ ರಾತ್ರಿ ನಿದ್ದೆ ಕೆಡಿಸುವಷ್ಟು.

ಹಿಂದೆ ನಮ್ಮಲ್ಲಿ ಜಾಸ್ತಿ ಕಾಣುತ್ತಿದ್ದದ್ದು ಟ್ರೈಕೋಫೈಟಾನ್ ರುಬ್ರಂ ಎಂಬ ಜಾತಿ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಮೆಂಟಗ್ರೋಫೈಟಿಸ್ ಗುಂಪಿನ ಒಂದು ಬಗೆ ದೇಶದಾದ್ಯಂತ ಮೇಲುಗೈ ಪಡೆಯಿತು. ಜಪಾನಿನಲ್ಲಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯಿಂದ ಸಿಕ್ಕ ಮಾದರಿಗಳನ್ನು ನೋಡಿ, 2020ರಲ್ಲಿ ಅಲ್ಲಿನ ಸಂಶೋಧಕರು ಇದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. 2023ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ನ್ಯೂಯಾರ್ಕ್ ನಗರದ ಇಬ್ಬರು ಮಹಿಳೆಯರಲ್ಲಿ ಇದು ಕಂಡದ್ದನ್ನು ವರದಿ ಮಾಡಿತು. ಅವರಲ್ಲಿ ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿ ಬಂದಿದ್ದರು. ಇನ್ನೊಬ್ಬರು ವಿದೇಶಕ್ಕೇ ಹೋಗಿರಲಿಲ್ಲ. ಅಂದರೆ ಫಂಗಸ್ ಆಗಲೇ ಅಲ್ಲಿ ಸ್ಥಳೀಯವಾಗಿ ಹರಡುತ್ತಿದ್ದಿರಬಹುದು. ಸುದ್ದಿ ದೊಡ್ಡದಾದದ್ದು ಆಮೇಲೆ. ನಮ್ಮ ಚರ್ಮರೋಗ ತಜ್ಞರು ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಇದರ ಜೊತೆ ಗುದ್ದಾಡುತ್ತಿದ್ದರು.

ಗುಳಿಗೆ ಯಾಕೆ ಬಗ್ಗಿಸುತ್ತಿಲ್ಲ?

ಟರ್ಬಿನಾಫಿನ್ ಎಂಬ ಗುಳಿಗೆ ಹುಳಕಡ್ಡಿಗೆ ಬಹಳ ಕಾಲ ನಂಬಿಕೆಯ ಔಷಧಿಯಾಗಿತ್ತು. ಫಂಗಸ್ಸಿನ ಜೀವಕೋಶದ ಹೊರಪೊರೆ ಕಟ್ಟಲು ಎರ್ಗೋಸ್ಟೆರಾಲ್ ಎಂಬ ಕೊಬ್ಬಿನ ಅಂಶ ಬೇಕು. ಅದನ್ನು ತಯಾರಿಸುವ ಹಾದಿಯಲ್ಲಿ ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವ ಇದೆ. ಟರ್ಬಿನಾಫಿನ್ ಹೋಗಿ ಆ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಕೆಲಸ ನಿಲ್ಲಿಸುತ್ತದೆ. ಹೊಸ ಫಂಗಸ್ಸಿನ ಎಷ್ಟೋ ಮಾದರಿಗಳಲ್ಲಿ ಈ ಕಿಣ್ವದ ಜೀನ್ ಸ್ವಲ್ಪ ಬದಲಾಗಿದೆ. ಔಷಧಿ ಅಲ್ಲಿಗೆ ಹೋದರೂ ಅಂಟುವುದಿಲ್ಲ.

ಇಷ್ಟೇ ಆಗಿದ್ದರೆ ಗುಳಿಗೆ ಬದಲಿಸಿದರೆ ಮುಗಿಯುತ್ತಿತ್ತು. ಇಟ್ರಾಕೊನಜೋಲ್ ಬೇರೆ ಜಾಗದಲ್ಲಿ ಹೊಡೆಯುವ ಔಷಧಿ. ಈಗ ಬಹಳಷ್ಟು ವೈದ್ಯರು ಅದನ್ನೇ ಬರೆಯುತ್ತಾರೆ. ಸಮಸ್ಯೆ ಇನ್ನೂ ಜಟಿಲವಾಗಿರುವುದು ಔಷಧಿ ಅಂಗಡಿಯ ಒಂದು ಸಣ್ಣ ಟ್ಯೂಬಿನಿಂದ.

‘ತುರಿಕೆಗೆ ಒಂದು ಟ್ಯೂಬ್ ಕೊಡ್ರಿ’ ಅಂದಾಗ ಕೈಗೆ ಬರುವ ಮುಲಾಮಿನ ಹಿಂಭಾಗವನ್ನು ಒಮ್ಮೆ ಓದಿ ನೋಡಿ. ಸಣ್ಣ ಅಕ್ಷರದಲ್ಲಿ ಮೂರು ನಾಲ್ಕು ಹೆಸರು ಇರುತ್ತವೆ. ಮೈಕೊನಜೋಲ್ ಅಥವಾ ಕ್ಲೋಟ್ರಿಮಜೋಲ್ ಇದ್ದರೆ ಅದು ಫಂಗಸ್ಸಿಗೆ. ನಿಯೋಮೈಸಿನ್, ಜೆಂಟಾಮೈಸಿನ್ ಇದ್ದರೆ ಬ್ಯಾಕ್ಟೀರಿಯಾಗೆ. ಇವುಗಳ ಪಕ್ಕದಲ್ಲಿ ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಕಂಡರೆ ಅದು ಸ್ಟಿರಾಯ್ಡ್. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲಿಸುವುದು ಇದೇ ಸ್ಟಿರಾಯ್ಡ್. ಕೆಂಪು ಇಳಿಯುತ್ತದೆ, ಉರಿ ಹೋಗುತ್ತದೆ, ಮನುಷ್ಯ ‘ಛಲೋ ಆತು’ ಅಂದುಕೊಳ್ಳುತ್ತಾನೆ. ಆದರೆ ಆ ಕೆಂಪು, ಆ ಉರಿ ನಮ್ಮ ದೇಹ ಫಂಗಸ್ಸಿನ ಜೊತೆ ಹೋರಾಡುತ್ತಿದ್ದ ಗುರುತು. ಸ್ಟಿರಾಯ್ಡ್ ಆ ಹೋರಾಟವನ್ನೇ ತಣ್ಣಗಾಗಿಸುತ್ತದೆ. ಫಂಗಸ್ ಅಡ್ಡಿಯಿಲ್ಲದೆ ಬೆಳೆಯುತ್ತದೆ. ಟ್ಯೂಬ್ ಬಿಟ್ಟ ಕೂಡಲೇ ತುರಿಕೆ ದುಪ್ಪಟ್ಟಾಗಿ ಮರಳುತ್ತದೆ, ಉಂಗುರದೊಳಗೆ ಉಂಗುರ ಮೂಡುತ್ತದೆ. ಮತ್ತೆ ಅದೇ ಟ್ಯೂಬ್. ಈ ಸುತ್ತು ತಿಂಗಳುಗಟ್ಟಲೆ ನಡೆದರೆ ತೊಡೆಸಂದಿಯ ಚರ್ಮ ತೆಳುವಾಗಿ ಬಿರುಕಿನಂಥ ಗೆರೆಗಳು ಬೀಳುತ್ತವೆ. ಆ ಗೆರೆಗಳು ಆಮೇಲೆ ಹೋಗುವುದಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಚರ್ಮರೋಗ ತಜ್ಞರ ಸಂಘ ಇದಕ್ಕಾಗಿ ವರ್ಷಗಟ್ಟಲೆ ಒತ್ತಾಯಿಸಿತ್ತು. ನಿಯಮ ಬಂತು. ಚೀಟಿ ಕೇಳುವ ರೂಢಿ ಮಾತ್ರ ಎಲ್ಲ ಅಂಗಡಿಗಳಿಗೂ ಇನ್ನೂ ಬಂದಿಲ್ಲ.

ಇದರ ಜೊತೆಗೆ ಔಷಧಿಯನ್ನು ಅರ್ಧಕ್ಕೇ ಬಿಡುವುದು. ಕಲೆ ಮಾಸಿತು ಅಂತ ಗುಳಿಗೆ ನಿಲ್ಲಿಸಿದರೆ ಹೊಲದಲ್ಲಿ ಬೇರು ಬಿಟ್ಟು ಕರಕಿ ಕೊಯ್ದಂತೆ. ಕಣ್ಣಿಗೆ ಸ್ವಚ್ಛ ಕಾಣುತ್ತದೆ, ಹದ ಸಿಕ್ಕ ಕೂಡಲೇ ಚಿಗುರುತ್ತದೆ. ಅರ್ಧಂಬರ್ಧ ಔಷಧಿ ತಿಂದು ಉಳಿದ ಫಂಗಸ್ಸೇ ಮುಂದೆ ಮನೆಮಂದಿಗೆ ಹರಡುವುದು.

ನಮ್ಮ ಕಡೆ ಅಂಟಿಕೊಳ್ಳಲು ಕಾರಣ

ಈ ಫಂಗಸ್ಸಿಗೆ ಬೇಕಾದದ್ದು ಬಿಸಿ, ತೇವ, ಉಜ್ಜಾಟ. ಮಳೆಗಾಲದ ಕಬ್ಬಿನ ಗದ್ದೆಯಲ್ಲಿ ದಿನವಿಡೀ ಕಾಲು ಒದ್ದೆ. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನ ಮಗ್ಗದ ಶೆಡ್ಡಿನಲ್ಲಿ ಬೇಸಿಗೆಯಲ್ಲಿ ಅಂಗಿ ಮೈಗೆ ಅಂಟುವಷ್ಟು ಬೆವರು. ಗರಡಿಯಲ್ಲಿ ಮೈಗೆ ಮೈ ತಿಕ್ಕುತ್ತದೆ. ಕುಸ್ತಿಪಟುಗಳಲ್ಲಿ ಹುಳಕಡ್ಡಿ ಹರಡುವುದು ಜಗತ್ತಿನ ಎಲ್ಲ ಕಡೆ ವೈದ್ಯರಿಗೆ ಗೊತ್ತಿರುವ ವಿಷಯ. ಒಬ್ಬ ಪೈಲ್ವಾನನಿಗೆ ಬಂದರೆ ತಾಲೀಮಿಗೆ ಬರುವ ಉಳಿದವರಿಗೂ ಬರಲು ತಡವಾಗುವುದಿಲ್ಲ.

ಇನ್ನೂ ಸಣ್ಣ ಕಾರಣಗಳಿವೆ, ಆದರೆ ಪರಿಣಾಮ ಸಣ್ಣದಲ್ಲ. ಸೊಂಟದ ಉಡದಾರ ಬೆವರು ಹೀರಿ ಸದಾ ಒದ್ದೆಯಾಗಿರುತ್ತದೆ. ವರ್ಷಗಟ್ಟಲೆ ಅದೇ ದಾರ. ಸೀರೆಯೊಳಗಿನ ಲಂಗದ ಲಾಡಿ ಬಿಗಿಯುವ ಜಾಗದಲ್ಲೂ ಇದೇ ಕಥೆ. ಹುಡುಗರಿಗೆ ಬಿಗಿ ಜೀನ್ಸು. ಮನೆಯಲ್ಲಿ ಎಲ್ಲರಿಗೂ ಒಂದೇ ಟಾವೆಲ್. ಉದುರಿದ ಚರ್ಮದ ಹೊಟ್ಟಿನಲ್ಲಿ ಫಂಗಸ್ಸಿನ ಬೀಜಕಣಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಹೀಗಾಗಿ ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ಹಾಸಿಗೆಯಿಂದ, ಬಟ್ಟೆಯಿಂದ ಅದು ತಿರುಗಿ ಬರುತ್ತದೆ.

ಎಣ್ಣೆ ಅಂದರೆ ಯಾವ ಎಣ್ಣೆ?

ಇಲ್ಲೇ ಮೊದಲ ಗೊಂದಲ. ಬೇವಿನ ಎಣ್ಣೆ, ಹೊಂಗೆ ಎಣ್ಣೆ, ಕೊಬ್ಬರಿ ಎಣ್ಣೆ ಗಾಣದಲ್ಲಿ ಬೀಜ ಹಿಂಡಿ ತೆಗೆದವು. ಕಾಗದದ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಸುದ್ದಿಯಲ್ಲಿರುವ ಎಸೆನ್ಷಿಯಲ್ ಆಯಿಲ್‌ಗಳು ಬೇರೆ ಜಾತಿ. ಎಲೆ, ಹೂವು, ಮೊಗ್ಗನ್ನು ಹಬೆಯಲ್ಲಿ ಕಾಯಿಸಿ, ಆ ಹಬೆ ತಣಿಸಿ, ನೀರಿನಿಂದ ಸಾರವನ್ನು ಬೇರ್ಪಡಿಸಿ ಇವನ್ನು ಸಾಮಾನ್ಯವಾಗಿ ತಯಾರಿಸುತ್ತಾರೆ. ಇವು ಗಾಳಿಗೆ ಹಾರಿಹೋಗುತ್ತವೆ, ಅದಕ್ಕೇ ಅಷ್ಟು ಘಮ. ನೀಲಗಿರಿ ಎಣ್ಣೆ ನಮಗೆಲ್ಲ ಗೊತ್ತಿರುವ ಉದಾಹರಣೆ.

ಆಯುರ್ವೇದದ ತೈಲಗಳು ಇವೆರಡಕ್ಕೂ ಬೇರೆ. ಅವುಗಳಲ್ಲಿ ಹೆಚ್ಚಿನವು ಎಳ್ಳೆಣ್ಣೆಯಲ್ಲಿ ಗಿಡಮೂಲಿಕೆಯ ಕಷಾಯ, ಕಲ್ಕ ಹಾಕಿ ಕುದಿಸಿ ಇಳಿಸಿದಂಥವು. ಟೀ ಟ್ರೀ ಮೂಲತಃ ಆಸ್ಟ್ರೇಲಿಯಾದ ಗಿಡ. ನಮ್ಮ ಹಳೆಯ ವೈದ್ಯ ಪದ್ಧತಿಯಲ್ಲಿ ಅದಿಲ್ಲ. ಆದ್ದರಿಂದ ‘ಇದು ನಮ್ಮ ಪರಂಪರೆ’ ಎಂಬ ಮಾತನ್ನು ಟೀ ಟ್ರೀ ಬಾಟಲಿಗೆ ಅಂಟಿಸಿದ್ದು ಕಂಡರೆ ನಂಬಬೇಡಿ. ಇಂಥ ಜಾಹೀರಾತುಗಳಿಂದ ನಿಜವಾದ ಆಯುರ್ವೇದ ವೈದ್ಯರಿಗೇ ಕೆಟ್ಟ ಹೆಸರು.

ಲ್ಯಾಬಿನ ಗೆಲುವು ನಿಜ, ಆದರೆ

ಈ ಎಣ್ಣೆಗಳಲ್ಲಿ ಫಂಗಸ್ ಕೊಲ್ಲುವ ಶಕ್ತಿ ಇದೆ. ಇದರಲ್ಲಿ ಅನುಮಾನ ಬೇಡ. ಟೀ ಟ್ರೀಯಲ್ಲಿ ಟರ್ಪಿನೆನ್-4-ಓಲ್, ಮಜ್ಜಿಗೆ ಹುಲ್ಲಿನಲ್ಲಿ ಸಿಟ್ರಾಲ್, ಲವಂಗದಲ್ಲಿ ಯೂಜಿನಾಲ್, ಅಜವಾನದಲ್ಲಿ ಥೈಮಾಲ್ ಮುಖ್ಯ ಅಂಶ. ಇವು ಕೊಬ್ಬಿನಲ್ಲಿ ಕರಗುವ ವಸ್ತುಗಳು. ಫಂಗಸ್ಸಿನ ಹೊರಪೊರೆಯೂ ಕೊಬ್ಬಿನದೇ ಆದ್ದರಿಂದ ಅದರೊಳಗೆ ನುಗ್ಗಿ ಪೊರೆಯನ್ನು ಸಡಿಲ ಮಾಡುತ್ತವೆ. ಒಳಗಿನ ದ್ರವ ಸೋರುತ್ತದೆ, ಕೋಶ ಸಾಯುತ್ತದೆ. ಟರ್ಬಿನಾಫಿನ್‌ನಂತೆ ಒಂದೇ ಕಿಣ್ವವನ್ನು ಇವು ನೆಚ್ಚಿಕೊಂಡಿಲ್ಲ. ಆದ್ದರಿಂದ ಆ ಕಿಣ್ವ ಬದಲಿಸಿಕೊಂಡ ಫಂಗಸ್ ಕೂಡ ಲ್ಯಾಬಿನ ತಟ್ಟೆಯಲ್ಲಿ ಎಣ್ಣೆಗೆ ಸಾಯಬಹುದು. ಸಂಶೋಧಕರಿಗೆ ಇದರಲ್ಲಿ ಆಸಕ್ತಿ ಹುಟ್ಟಿರುವುದಕ್ಕೆ ಕಾರಣ ಇದೇ. ಅದು ಒಳ್ಳೆಯ ಆಸಕ್ತಿ.

ಆದರೆ ತಟ್ಟೆಯಲ್ಲಿ ಏನು ನಡೆಯುತ್ತದೆ ನೋಡಿ. ಫಂಗಸ್ ಬೆಳೆಯುವ ಆಹಾರದಲ್ಲೇ ಎಣ್ಣೆಯನ್ನು ಅಳೆದು ಬೆರೆಸಿರುತ್ತಾರೆ. ಮೇಲೆ ಮುಚ್ಚಳ ಇರುತ್ತದೆ. ಎಣ್ಣೆ ಸುಲಭಕ್ಕೆ ಹಾರಿಹೋಗುವುದಿಲ್ಲ. ದಿನಗಟ್ಟಲೆ ಫಂಗಸ್ ಮತ್ತು ಎಣ್ಣೆ ಮುಖಾಮುಖಿಯಾಗಿ ಇರುತ್ತವೆ. ತಪ್ಪಿಸಿಕೊಳ್ಳಲು ಜಾಗವೇ ಇಲ್ಲ.

ಮೈಮೇಲೆ ಇದ್ಯಾವುದೂ ಇಲ್ಲ. ಹಚ್ಚಿದ ಎಣ್ಣೆಯ ದೊಡ್ಡ ಪಾಲು ಬೇಗನೆ ಗಾಳಿಗೆ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಇನ್ನೂ ಬೇಗ. ಉಳಿದದ್ದು ಬೆವರಿನ ಜೊತೆ ಅಂಗಿಗೆ ಒರೆಸಿ ಹೋಗುತ್ತದೆ. ಫಂಗಸ್ ಚರ್ಮದ ಮೇಲ್ಪದರದ ಪದರುಗಳ ನಡುವೆ ಇರುತ್ತದೆ, ಎಷ್ಟೋ ಸಲ ಸಣ್ಣ ಕೂದಲಿನ ಬುಡಕ್ಕೂ ಇಳಿದಿರುತ್ತದೆ. ಅಲ್ಲಿಗೆ ಸಾಕಷ್ಟು ಎಣ್ಣೆ ಮುಟ್ಟುವುದು ಕಷ್ಟ, ಮುಟ್ಟಿ ನಿಲ್ಲುವುದು ಇನ್ನೂ ಕಷ್ಟ.

ಗುಳಿಗೆ ಕೆಲಸ ಮಾಡುವ ಬಗೆಯೇ ಬೇರೆ. ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡೂ ರಕ್ತದ ಮೂಲಕ ಹೋಗಿ ಕೆರಾಟಿನ್‌ಗೆ ಅಂಟಿಕೊಳ್ಳುತ್ತವೆ. ನಿಲ್ಲಿಸಿದ ಮೇಲೂ ವಾರಗಟ್ಟಲೆ ಅಲ್ಲೇ ಇರುತ್ತವೆ. ಹಾರಿಹೋಗುವ ಎಣ್ಣೆಗೆ ಈ ಗುಣ ಇಲ್ಲ. ‘ಲ್ಯಾಬಿನಲ್ಲಿ ಕೊಂದಿತು’ ಎಂಬ ಮಾತಿಗೂ ‘ರೋಗ ವಾಸಿಯಾಯಿತು’ ಎಂಬ ಮಾತಿಗೂ ನಡುವೆ ಇರುವ ದೂರ ಇಷ್ಟು.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು

ಟೀ ಟ್ರೀ ಎಣ್ಣೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆ. ಆ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಿಷಯ ತಿಳಿಯಾಗುತ್ತದೆ.

1992ರಲ್ಲಿ ಆಸ್ಟ್ರೇಲಿಯಾದಲ್ಲಿ ಪಾದದ ಫಂಗಸ್ ಇದ್ದವರಿಗೆ ಶೇ. 10ರ ಟೀ ಟ್ರೀ ಕ್ರೀಮ್ ಕೊಟ್ಟರು. ತುರಿಕೆ, ಉರಿ, ಹೊಟ್ಟು ಉದುರುವುದು ಕಮ್ಮಿಯಾಯಿತು. ಆದರೆ ಚರ್ಮ ಕೆರೆದು ಪರೀಕ್ಷೆಗೆ ಹಾಕಿದಾಗ ಫಂಗಸ್ ಹೋದದ್ದರಲ್ಲಿ ಔಷಧಿಯಿಲ್ಲದ ಬರೀ ಕ್ರೀಮಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ರೋಗಿಗೆ ಹಾಯೆನಿಸಿತು, ಫಂಗಸ್ ಉಳಿಯಿತು. ಮನೆಯಲ್ಲಿ ಎಣ್ಣೆ ಹಚ್ಚಿ ‘ಕಮ್ಮಿ ಆಗಿದೆ’ ಅನ್ನುವವರ ಅನುಭವ ಸುಳ್ಳಲ್ಲ, ಆದರೆ ಅಪೂರ್ಣ.

2002ರಲ್ಲಿ ಪ್ರಮಾಣ ಏರಿಸಿ ನೋಡಿದರು. ಕಾಲ್ಬೆರಳ ಸಂದಿಯ ಸೋಂಕು ಇದ್ದ 158 ಜನ. ಶೇ. 25 ಮತ್ತು ಶೇ. 50ರ ದ್ರಾವಣ. ಈ ಸಲ ಫಲಿತಾಂಶ ಚೆನ್ನಾಗಿತ್ತು. ಶೇ. 50ರ ದ್ರಾವಣ ಹಚ್ಚಿದವರಲ್ಲಿ ಶೇ. 64 ಜನರ ಚರ್ಮದಿಂದ ಫಂಗಸ್ ಹೋಗಿತ್ತು. ಔಷಧಿಯಿಲ್ಲದ ದ್ರಾವಣ ಹಚ್ಚಿದವರಲ್ಲಿ ಇದು ಶೇ. 31. ಆದರೆ ಎಣ್ಣೆ ಹಚ್ಚಿದವರಲ್ಲಿ ನಾಲ್ಕು ಜನರಿಗೆ ಚರ್ಮ ಕೆಂಪಾಗಿ ಉರಿದು ಅಲರ್ಜಿಯಂತಾಯಿತು.

ಉಗುರಿನ ವಿಷಯದಲ್ಲಿ ಆಸೆ ಇನ್ನೂ ಕಮ್ಮಿ. 1994ರ ಒಂದು ಪರೀಕ್ಷೆಯಲ್ಲಿ ಅಪ್ಪಟ ಟೀ ಟ್ರೀ ಎಣ್ಣೆಯನ್ನು ಆರು ತಿಂಗಳು ಹಚ್ಚಿದ ಮೇಲೂ ಫಂಗಸ್ ಹೋದದ್ದು ಶೇ. 18 ಜನರಲ್ಲಿ. ಅದಕ್ಕೆ ಹೋಲಿಸಿದ ಕ್ಲೋಟ್ರಿಮಜೋಲ್ ದ್ರಾವಣದಲ್ಲಿ ಶೇ. 11. ಇದನ್ನೇ ‘ಎಣ್ಣೆ ಔಷಧಿಗೆ ಸಮ’ ಅಂತ ಸುದ್ದಿ ಮಾಡುವವರಿದ್ದಾರೆ. ಎರಡೂ ಹೆಚ್ಚುಕಮ್ಮಿ ಸೋತವು ಅನ್ನುವುದು ಸರಿಯಾದ ಓದು. ಉಗುರಿನ ಗಟ್ಟಿ ಪದರ ದಾಟಿ ಮೇಲಿನಿಂದ ಹಚ್ಚಿದ್ದು ಒಳಗೆ ಹೋಗುವುದು ಅಷ್ಟು ಕಷ್ಟ.

ಒಂದು ಮಾತು ಗಮನಿಸಬೇಕು. ಈ ಪರೀಕ್ಷೆಗಳೆಲ್ಲ ಪಾದ ಮತ್ತು ಉಗುರಿನ ಮೇಲೆ ನಡೆದವು, ಅದೂ ಹೊಸ ಹಠಮಾರಿ ಫಂಗಸ್ಸಿಗೆ ಹೆಸರು ಬರುವ ಎಷ್ಟೋ ವರ್ಷ ಮೊದಲು. ಇಂದು ನಮ್ಮವರ ತೊಡೆ, ಸೊಂಟ, ಬೆನ್ನಿನ ಮೇಲಿರುವ ಗಜಕರ್ಣಕ್ಕೆ ಆ ಅಂಕಿಗಳನ್ನು ಹಾಗೇ ಎತ್ತಿ ಹಾಕಲು ಬರುವುದಿಲ್ಲ.

ನಾಲ್ಕು ಹನಿಯ ಲೆಕ್ಕ

ಮೊಬೈಲಿಗೆ ಬರುವ ಸಲಹೆ ಸಾಮಾನ್ಯವಾಗಿ ಹೀಗಿರುತ್ತದೆ: ಒಂದು ಚಮಚ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಟೀ ಟ್ರೀ ಹಾಕಿ ಹಚ್ಚಿ. ಇದನ್ನು ಲೆಕ್ಕ ಹಾಕಿ ನೋಡೋಣ. ಸಣ್ಣ ಚಮಚ ಅಂದರೆ 5 ಮಿಲಿ ಲೀಟರ್. ಒಂದು ಹನಿ ಹತ್ತಿರಹತ್ತಿರ 0.05 ಮಿಲಿ ಲೀಟರ್. ನಾಲ್ಕು ಹನಿಗೆ 0.2. ಅಂದರೆ ಬೆರೆತ ಎಣ್ಣೆಯಲ್ಲಿ ಟೀ ಟ್ರೀ ಪಾಲು ಸುಮಾರು ಶೇ. 4.

ಶೇ. 10ರಲ್ಲೇ ಫಂಗಸ್ ಹೋಗಲಿಲ್ಲ ಅಂತ ಮೇಲೆ ನೋಡಿದೆವು. ಫಲ ಕೊಟ್ಟದ್ದು ಶೇ. 25 ಮುಟ್ಟಿದ ಮೇಲೆ. ಆ ಮಟ್ಟಕ್ಕೆ ಹೋಗಬೇಕಾದರೆ ಅದೇ ಚಮಚದಲ್ಲಿ ಕಾಲು ಭಾಗ ಟೀ ಟ್ರೀ ಇರಬೇಕು, ಅಂದರೆ ಸುಮಾರು 25 ಹನಿ. ಅಷ್ಟನ್ನು ತೊಡೆಸಂದಿಯ ತೆಳು ಚರ್ಮಕ್ಕೆ ಹಚ್ಚಿದರೆ ಉರಿ ತಡೆಯುವುದು ಕಷ್ಟ. ಇಕ್ಕಟ್ಟು ಇರುವುದೇ ಇಲ್ಲಿ. ಚರ್ಮ ತಡೆಯುವ ಪ್ರಮಾಣಕ್ಕೆ ಫಂಗಸ್ ಸಾಯುವುದಿಲ್ಲ, ಫಂಗಸ್ ಸಾಯುವ ಪ್ರಮಾಣವನ್ನು ಚರ್ಮ ತಡೆಯುವುದಿಲ್ಲ.

ಬಾಟಲಿಯಲ್ಲಿ ಇರುವುದು ಏನು ಎನ್ನುವುದು ಇನ್ನೊಂದು ಪ್ರಶ್ನೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಟೀ ಟ್ರೀ ಎಣ್ಣೆಯಲ್ಲಿ ಟರ್ಪಿನೆನ್-4-ಓಲ್ ಶೇ. 35ರಿಂದ 48ರವರೆಗೆ ಇರಬೇಕು. ಅಂಗಡಿಯಲ್ಲೋ ಆನ್‌ಲೈನಲ್ಲೋ ಸಿಗುವ ಎಷ್ಟೋ ಬಾಟಲಿಗಳ ಮೇಲೆ ‘100% ಶುದ್ಧ, ನೈಸರ್ಗಿಕ’ ಎಂದು ದೊಡ್ಡದಾಗಿ ಇರುತ್ತದೆ. ಈ ಅಂಶ ಎಷ್ಟಿದೆ ಎಂಬುದು ಇರುವುದಿಲ್ಲ. ಸುಗಂಧಕ್ಕೆ, ಸೌಂದರ್ಯಕ್ಕೆ ಅಂತ ಮಾರಿದ ಎಣ್ಣೆ ರೋಗ ವಾಸಿ ಮಾಡುತ್ತದೆ ಅಂತ ಯಾರೂ ಸಾಬೀತು ಮಾಡಬೇಕಾಗಿಲ್ಲ. ಔಷಧಿ ಅಂತ ಮಾರಬೇಕಾದರೆ ಮಾತ್ರ ಔಷಧಿಯ ಪರವಾನಗಿ ಬೇಕು.

ಯಾರ ವಾದ ಏನು?

ಚರ್ಮರೋಗ ತಜ್ಞರ ವಾದ ನೇರ: ಮೊದಲು ರೋಗ ಖಚಿತ ಮಾಡಿ, ಸರಿಯಾದ ಔಷಧಿಯನ್ನು ಸರಿಯಾದಷ್ಟು ದಿನ ಕೊಡಿ, ಎಣ್ಣೆ ಹಚ್ಚುತ್ತಾ ತಿಂಗಳು ಕಳೆಯಬೇಡಿ. ಲ್ಯಾಬಿನಲ್ಲಿ ಕೆಲಸ ಮಾಡುವವರ ವಾದವೂ ಗಟ್ಟಿ: ಹೊಸ ಫಂಗಸ್ ಔಷಧಿಗಳು ಬರುವುದು ಬಹಳ ನಿಧಾನ, ಇರುವ ಕೆಲವೇ ಔಷಧಿಗಳು ಸೋಲುತ್ತಿವೆ, ಹಾಗಿರುವಾಗ ಗಿಡದ ಸಾರಗಳನ್ನು ಬದಿಗೆ ತಳ್ಳುವುದು ಜಾಣತನ ಅಲ್ಲ. ನನ್ನ ಮಟ್ಟಿಗೆ ಈ ಎರಡು ವಾದಗಳ ನಡುವೆ ಜಗಳವೇ ಇಲ್ಲ. ಒಂದು ಇವತ್ತಿನ ರೋಗಿಯ ಮಾತು, ಇನ್ನೊಂದು ಮುಂದಿನ ಔಷಧಿಯ ಮಾತು. ಮಾರಾಟಗಾರರು ಎರಡನೆಯದನ್ನು ತೋರಿಸಿ ಇವತ್ತಿನ ರೋಗಿಗೆ ಬಾಟಲಿ ಮಾರುವಾಗ ಜಗಳ ಹುಟ್ಟುತ್ತದೆ.

ರೋಗಿಗಳದ್ದೂ ಒಂದು ವಾದ ಇದೆ, ಅದನ್ನು ಹಗುರವಾಗಿ ನೋಡಬಾರದು. ಗುಳಿಗೆ ಲಿವರಿಗೆ ಕೆಟ್ಟದ್ದು ಎಂಬ ಭಯ. ಅದಕ್ಕೆ ಆಧಾರ ಇಲ್ಲದಿಲ್ಲ. ಟರ್ಬಿನಾಫಿನ್, ಇಟ್ರಾಕೊನಜೋಲ್ ಎರಡರಲ್ಲೂ ಲಿವರಿನ ಮೇಲೆ ಕಣ್ಣಿಡಬೇಕು. ಹೃದಯ ಸೋತವರಿಗೆ ಇಟ್ರಾಕೊನಜೋಲ್ ಆಗುವುದಿಲ್ಲ. ಬೇರೆ ಗುಳಿಗೆಗಳ ಜೊತೆಯೂ ಅದು ತೊಡಕು ಮಾಡುತ್ತದೆ. ಇದರ ಜೊತೆಗೆ ವಾರಗಟ್ಟಲೆ ಔಷಧಿಯ ಖರ್ಚು. ಕೂಲಿ ಬಿಟ್ಟು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕಾದವರಿಗೆ ಒಂದು ಸಣ್ಣ ಬಾಟಲಿ ಸುಲಭದ ದಾರಿಯಾಗಿ ಕಂಡರೆ ತಪ್ಪು ಅವರದ್ದಲ್ಲ.

ಸಿಬ್ಬಿನ ಲೆಕ್ಕ ಬೇರೆ

ಎದೆ, ಬೆನ್ನಿನ ಮೇಲೆ ತಿಳಿ ಬಿಳಿ ಅಥವಾ ಕಂದು ಚುಕ್ಕೆಗಳಾಗಿ ಬರುವ ಸಿಬ್ಬು ಮಲಾಸೀಜಿಯಾ ಎಂಬ ಬೇರೆಯೇ ಫಂಗಸ್ಸಿನಿಂದ. ತಲೆ ಹೊಟ್ಟಿಗೂ ಇದಕ್ಕೂ ನಂಟಿದೆ. ಇದು ಎಣ್ಣೆಯಂಶ ತಿಂದು ಬದುಕುವ ಫಂಗಸ್. ಲ್ಯಾಬಿನಲ್ಲಿ ಇದನ್ನು ಬೆಳೆಸಬೇಕಾದರೆ ತಟ್ಟೆಯ ಮೇಲೆ ಆಲಿವ್ ಎಣ್ಣೆ ಹಾಕುತ್ತಾರೆ! ಹಾಗಾಗಿ ಸುಗಂಧ ಎಣ್ಣೆಯನ್ನು ಯಾವುದೋ ಅಡುಗೆ ಎಣ್ಣೆಯಲ್ಲಿ ಬೆರೆಸಿ ಸಿಬ್ಬಿಗೆ ಹಚ್ಚಿದರೆ ಔಷಧಿಯ ಜೊತೆ ಊಟವನ್ನೂ ಕೊಟ್ಟ ಹಾಗೆ.

ಎಣ್ಣೆಗಳು ಸ್ವಲ್ಪ ಆಸೆ ಹುಟ್ಟಿಸುವುದೂ ಈ ಫಂಗಸ್ಸಿನಲ್ಲೇ. ಶೇ. 5ರ ಟೀ ಟ್ರೀ ಶಾಂಪೂ ನಾಲ್ಕು ವಾರ ಬಳಸಿದವರಲ್ಲಿ ತಲೆಹೊಟ್ಟು ಶೇ. 41 ಕಮ್ಮಿಯಾಯಿತು, ಔಷಧಿಯಿಲ್ಲದ ಶಾಂಪೂ ಬಳಸಿದವರಲ್ಲಿ ಶೇ. 11. ಬ್ರೆಜಿಲ್‌ನಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆ ಬೆರೆಸಿದ ಶಾಂಪೂ ಮತ್ತು ಕ್ರೀಮನ್ನು ಸಿಬ್ಬಿಗೆ ಪರೀಕ್ಷಿಸಿದಾಗ ಶೇ. 60 ಜನರಲ್ಲಿ ಫಂಗಸ್ ಹೋಯಿತು. ಕೀಟೊಕೊನಜೋಲ್ ಬಳಸಿದವರಲ್ಲಿ ಶೇ. 80ಕ್ಕೂ ಜಾಸ್ತಿ. ಔಷಧಿಗೆ ಸಮ ಅಲ್ಲ, ಆದರೆ ತೀರಾ ಕಡೆಗಣಿಸುವಂಥದ್ದೂ ಅಲ್ಲ. ಸಿಬ್ಬಿನ ಫಂಗಸ್ ಇರುವುದು ತೀರಾ ಮೇಲೆ. ಹಚ್ಚಿದ್ದು ಅದಕ್ಕೆ ತಾಗುತ್ತದೆ. ಗಜಕರ್ಣದಲ್ಲಿ ಆಗದ್ದು ಇಲ್ಲಿ ಸ್ವಲ್ಪ ಆಗುವುದಕ್ಕೆ ಕಾರಣ ಇದೇ ಇರಬೇಕು.

ಎಣ್ಣೆಯಿಂದ ಆಗುವ ಅನಾಹುತಗಳು

ಸುಮ್ನೆ ಹಚ್ಚಿ ನೋಡೋಣ, ಆಗದಿದ್ದರೆ ನಷ್ಟ ಏನು? ನಷ್ಟ ಇದೆ.

ಅಪ್ಪಟ ಎಣ್ಣೆ ಚರ್ಮ ಸುಡುತ್ತದೆ, ಅಲರ್ಜಿ ತರುತ್ತದೆ. ಲವಂಗ ಮತ್ತು ದಾಲ್ಚಿನ್ನಿ ಎಣ್ಣೆಗಳಲ್ಲಿ ಈ ಭಯ ಜಾಸ್ತಿ. ಹಳೆಯದಾದ, ಬಿಸಿಲಲ್ಲಿಟ್ಟ, ಮುಚ್ಚಳ ಸರಿ ಹಾಕದ ಟೀ ಟ್ರೀ ಎಣ್ಣೆ ಗಾಳಿಗೆ ಕೆಟ್ಟು ಇನ್ನಷ್ಟು ಅಲರ್ಜಿಕಾರಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ತಗಡಿನ ಮನೆಯೊಳಗಿಟ್ಟ ಬಾಟಲಿ ಎಷ್ಟು ದಿನ ಚೆನ್ನಾಗಿದ್ದೀತು?

ನಿಂಬೆ ಜಾತಿಯ ಹಣ್ಣಿನ ಸಿಪ್ಪೆ ಹಿಂಡಿ ತೆಗೆದ ಎಣ್ಣೆಗಳದ್ದು ಇನ್ನೊಂದು ತೊಂದರೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆ ಜಾಗ ಬೊಬ್ಬೆ ಎದ್ದು, ಆಮೇಲೆ ಕಪ್ಪು ಕಲೆ ಉಳಿಯುತ್ತದೆ. ಹೊಲದಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಡಬೇಕು.

ಮಕ್ಕಳಿರುವ ಮನೆಯಲ್ಲಿ ಇನ್ನೂ ಜೋಪಾನ. ನೀಲಗಿರಿ ಎಣ್ಣೆ, ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಇವೆರಡರ ಸಂಪರ್ಕದಿಂದ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ಬೇವಿನ ಎಣ್ಣೆ ಕುಡಿಸಿದ ಕೂಸುಗಳಿಗೆ ಮೆದುಳಿಗೆ ಪೆಟ್ಟಾದ ಉದಾಹರಣೆಗಳೂ ವೈದ್ಯಕೀಯ ದಾಖಲೆಗಳಲ್ಲಿವೆ. ಸಕ್ಕರೆ ಕಾಯಿಲೆ ಇರುವವರು ಕಾಲ್ಬೆರಳ ಸಂದಿಗೆ ಅಪ್ಪಟ ಎಣ್ಣೆ ಹಚ್ಚಲೇಬಾರದು. ಸುಟ್ಟದ್ದು ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಕಾಲದ್ದು. ಒಬ್ಬರು ಎರಡು ತಿಂಗಳು ಎಣ್ಣೆ ಹಚ್ಚುತ್ತಾ ಕೂತರೆ ಅಷ್ಟರಲ್ಲಿ ಹೆಂಡತಿಗೆ, ಮಕ್ಕಳಿಗೆ, ಜೊತೆಗೆ ಮಲಗುವ ಅಜ್ಜಿಗೆ ಹತ್ತಿರುತ್ತದೆ. ಒಬ್ಬರಿಗೆ ಆಗಬೇಕಿದ್ದ ಚಿಕಿತ್ಸೆ ಈಗ ಇಡೀ ಮನೆಗೆ. ಎಣ್ಣೆಯಿಂದ ಬೇಸತ್ತವರು ಕೊನೆಗೆ ಹೋಗಿ ನಿಲ್ಲುವುದು ಅದೇ ಸ್ಟಿರಾಯ್ಡ್ ಟ್ಯೂಬಿನ ಮುಂದೆ.

ವೈದ್ಯರ ಹತ್ತಿರ ಏನು ಕೇಳಬೇಕು?

ಒಂದು ಸರಳ ಪರೀಕ್ಷೆ ಇದೆ. ಉಂಗುರದ ಅಂಚಿನಿಂದ ಮೊಂಡು ಬ್ಲೇಡಿನಲ್ಲಿ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲೆ ಉದುರಿಸುತ್ತಾರೆ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ. ಸ್ವಲ್ಪ ಹೊತ್ತಿನಲ್ಲಿ ಚರ್ಮದ ಚೂರು ಕರಗಿ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಕಂಡರೆ ಫಂಗಸ್. ಚರ್ಮರೋಗದವರು ಇದಕ್ಕೆ ಕೆಓಎಚ್ ಅನ್ನುತ್ತಾರೆ. ಖರ್ಚು ಕಮ್ಮಿ, ಸೂಜಿ ಇಲ್ಲ, ಕಾಯುವುದು ಸ್ವಲ್ಪವೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಕೇಳಬಹುದು. ಇಸಬು, ಸೋರಿಯಾಸಿಸ್ ಕೂಡ ಹುಳಕಡ್ಡಿಯ ಹಾಗೇ ಕಾಣಬಹುದು. ಅವಕ್ಕೆ ಫಂಗಸ್ ಔಷಧಿ ವ್ಯರ್ಥ, ಎಣ್ಣೆ ಇನ್ನೂ ಉರಿ.

ಮೊದಲು ಏನೆಲ್ಲ ಹಚ್ಚಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಹಳೆಯ ಟ್ಯೂಬ್, ಬಾಟಲಿ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಸ್ಟಿರಾಯ್ಡ್ ಹಚ್ಚಿದ ಚರ್ಮದಲ್ಲಿ ಹುಳಕಡ್ಡಿಯ ರೂಪವೇ ಬದಲಾಗಿರುತ್ತದೆ, ಎಣ್ಣೆಯಿಂದ ಉರಿದ ಚರ್ಮವೂ ಹಾಗೆ. ಕಲೆ ಮಾಸಿದ ಮೇಲೂ ಮುಲಾಮು ಇನ್ನೆಷ್ಟು ದಿನ ಹಚ್ಚಬೇಕು ಅಂತ ಕೇಳಿ. ಸಾಮಾನ್ಯವಾಗಿ ಕನಿಷ್ಠ ಎರಡು ವಾರ ಮುಂದುವರಿಸಲು ಹೇಳುತ್ತಾರೆ. ಮನೆಯಲ್ಲಿ ತುರಿಕೆ ಇರುವ ಎಲ್ಲರನ್ನೂ ಒಟ್ಟಿಗೆ ತೋರಿಸಿ.

ಉಡದಾರ ಬಿಚ್ಚಿಡಿ, ಇಲ್ಲವೇ ಔಷಧಿ ಮುಗಿಯುವವರೆಗಾದರೂ ತೆಗೆದಿಡಿ. ಟಾವೆಲ್, ಒಳಉಡುಪು, ಪೈಲ್ವಾನರ ಲಂಗೋಟಿ ಯಾರದು ಅವರಿಗೇ. ಬಟ್ಟೆಯನ್ನು 60 ಡಿಗ್ರಿಯಷ್ಟು ಬಿಸಿ ನೀರಲ್ಲಿ ನೆನೆಸಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ.

ಬೆಳಗಾವಿಯಲ್ಲೇ ಆಗಬಹುದಾದ ಕೆಲಸ

ಎಣ್ಣೆಯ ಪ್ರಶ್ನೆ ಬಗೆಹರಿಯಬೇಕಾದ ಜಾಗ ನಮ್ಮ ಹತ್ತಿರವೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ ಇರುವುದು ಬೆಳಗಾವಿಯಲ್ಲಿ. 2006ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ಶುರುವಾದದ್ದು ಆಮೇಲೆ ರಾಷ್ಟ್ರೀಯ ಸಂಸ್ಥೆಯಾಯಿತು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಔಷಧಿ ಮತ್ತು ಸುಗಂಧ ಬೆಳೆಗಳ ಓದು ತೋಟಗಾರಿಕೆಯದೇ ಒಂದು ಭಾಗ. ರೋಗಿಗಳಿಗಂತೂ ಕೊರತೆಯೇ ಇಲ್ಲ.

ಬೇಕಿರುವುದು ಇನ್ನೊಂದು ತಟ್ಟೆಯ ಪ್ರಯೋಗ ಅಲ್ಲ, ಅವು ಬೇಕಾದಷ್ಟಾಗಿವೆ. ಇಂದಿನ ಗಜಕರ್ಣ ಇರುವ ರೋಗಿಗಳನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಇಟ್ರಾಕೊನಜೋಲ್ ಕೊಟ್ಟು, ಒಂದು ಗುಂಪಿಗೆ ಮಾತ್ರ ಅಳೆದು ತಯಾರಿಸಿದ ಸಿಟ್ರಾಲ್ ಅಥವಾ ಥೈಮಾಲ್ ಮುಲಾಮನ್ನು ಜೊತೆಗೆ ಕೊಟ್ಟು ನೋಡಬೇಕು. ಎಣ್ಣೆಯನ್ನು ಹಾರಿಹೋಗದಂತೆ ಸಣ್ಣ ಸಣ್ಣ ಕಣಗಳಲ್ಲಿ ಕಟ್ಟಿಡುವ ತಂತ್ರಗಳ ಮೇಲೆ ಈಗಾಗಲೇ ಕೆಲಸ ನಡೆಯುತ್ತಿದೆ. ಅವನ್ನೂ ಇದೇ ಪರೀಕ್ಷೆಗೆ ಒಡ್ಡಬಹುದು. ತುರಿಕೆ ಕಮ್ಮಿಯಾಯಿತೇ ಅಂತ ಕೇಳಿ ಬಿಡುವುದಲ್ಲ, ಔಷಧಿ ನಿಲ್ಲಿಸಿ ಮೂರು ತಿಂಗಳಾದ ಮೇಲೆ ಅದೇ ಜಾಗ ಕೆರೆದು ಮತ್ತೆ ಗಾಜಿನ ಮೇಲೆ ಹಾಕಿ ನೋಡಬೇಕು. ಆಗ ಮುಲಾಮು ಹಚ್ಚಿದ ಗುಂಪಿನಲ್ಲಿ ಇನ್ನೊಂದಕ್ಕಿಂತ ಕಮ್ಮಿ ಜನರಲ್ಲಿ ಎಳೆ ಕಂಡರೆ ಎಣ್ಣೆಯಿಂದ ಲಾಭ ಇದೆ ಅಂತ ಧೈರ್ಯವಾಗಿ ಹೇಳಬಹುದು.